ಕಣ್ತೆರೆದ ವಿಧೇಯತೆ: ಸಾಂಗ್ಲಿಯ ರಂಗಪರಂಪರೆ ಮತ್ತು ಡಿಸ್ಟೋಪಿಯಾದ ಅಳತೆಗೋಲು

ಅಧಿಕಾರ ಮತ್ತು ಕುರುಡು ವಿಧೇಯತೆಯನ್ನು ಕುರಿತ ತೌಲನಿಕ ಚರ್ಚೆಗಳು ಬಹುಮಟ್ಟಿಗೆ ಆರ್ವೆಲ್‌ನ ‘1984’ ಕಾದಂಬರಿಯಿಂದ ಹೊರಡುತ್ತವೆ. 1949ರಲ್ಲಿ ಪ್ರಕಟವಾದ ಈ ಕೃತಿಯೂ ಅದಕ್ಕೆ ಹಿಂದಿನ ಜಮ್ಯಾಟಿನ್‌ನ ‘ನಾವು’, ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ಕೃತಿಗಳೂ ಸೇರಿ ಡಿಸ್ಟೋಪಿಯಾ ಎಂಬ ಪ್ರಕಾರಕ್ಕೆ ಒಂದು ಚೌಕಟ್ಟನ್ನು ಒದಗಿಸಿವೆ. ಆ ಚೌಕಟ್ಟಿನಲ್ಲಿ ಪ್ರಭುತ್ವವು ಸರ್ವವ್ಯಾಪಿ, ಪ್ರಜೆ ಒಂಟಿ; ಅವನ ಅರಿವನ್ನು ಅಳಿಸಿಯೇ ಪ್ರಭುತ್ವವು ಅವನನ್ನು ವಿಧೇಯನನ್ನಾಗಿ ಮಾಡಿಕೊಳ್ಳುತ್ತದೆ. ಕನ್ನಡ, ಮರಾಠಿ ನಾಟಕಗಳನ್ನು ಇದೇ ಅಳತೆಗೋಲಿನಿಂದ ಅಳೆದರೆ ಅವು ಅರೆಬರೆ ಡಿಸ್ಟೋಪಿಯಾಗಳಂತೆ ಕಾಣುತ್ತವೆ. ಸಾಂಗ್ಲಿ–ಮಿರಜ ಪರಿಸರದ ರಂಗಪರಂಪರೆಯನ್ನು ಮುಂದಿಟ್ಟುಕೊಂಡು ನೋಡಿದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಈ ನಾಟಕಗಳಲ್ಲಿ ತಲೆಬಾಗುವವರು ಕುರುಡರಲ್ಲ. ಅನ್ಯಾಯವನ್ನು ಅನ್ಯಾಯವೆಂದು ಬಲ್ಲವರೇ ಇಲ್ಲಿ ಸುಮ್ಮನಿರುತ್ತಾರೆ.

ಈ ಪರಂಪರೆಯ ಆರಂಭವೇ ಒಂದು ಆಜ್ಞೆಯಲ್ಲಿದೆ. 1842ರ ಸುಮಾರಿಗೆ ಕರ್ನಾಟಕದ ಭಾಗವತ ಮೇಳವೊಂದು ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಅಂತಹದೇ ಪ್ರಯೋಗವನ್ನು ಮರಾಠಿಯಲ್ಲಿ ಸಿದ್ಧಪಡಿಸುವಂತೆ ದೊರೆ ತನ್ನ ಆಶ್ರಿತನಾದ ವಿಷ್ಣುದಾಸ ಭಾವೆಗೆ ಸೂಚಿಸಿದನು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ವು ರಂಗಕ್ಕೆ ಬಂದಿತು. ಆಗ ಸಾಂಗ್ಲಿ ಸಂಸ್ಥಾನಕ್ಕೆ ಶಿರಹಟ್ಟಿ, ತೇರದಾಳಗಳಂಥ ಕನ್ನಡದ ಊರುಗಳೂ ಮಿರಜಕ್ಕೆ ಲಕ್ಷ್ಮೇಶ್ವರವೂ ಸೇರಿದ್ದವು. ಎರಡು ನುಡಿಗಳ ನಡುವಿನ ಈ ಕೊಡುಕೊಳ್ಳುವಿಕೆ ಆ ಆಡಳಿತದೊಳಗೆ ದಿನನಿತ್ಯದ ಸಂಗತಿಯಾಗಿತ್ತು. ಅರಸನ ಮಾತಿನಿಂದ ಹುಟ್ಟಿದ ರಂಗಭೂಮಿಯು ಅಧಿಕಾರವನ್ನು ಎದುರಿಸಿ ಮಾತನಾಡಲು ಆರು ದಶಕಗಳು ಬೇಕಾದವು. ಆ ಮಾತನ್ನು ಆಡಿದವನು 1872ರಲ್ಲಿ ಸಾಂಗ್ಲಿಯಲ್ಲಿಯೇ ಹುಟ್ಟಿದ, ತಿಲಕರ ‘ಕೇಸರಿ’ಯ ಬಳಗದಲ್ಲಿದ್ದ ಕೃಷ್ಣಾಜಿ ಪ್ರಭಾಕರ ಖಾಡಿಲಕರ.

ಖಾಡಿಲಕರನ ‘ಕೀಚಕವಧ’ ರಂಗವೇರಿದ್ದು 1907ರಲ್ಲಿ. ಕಥೆ ವಿರಾಟಪರ್ವದ್ದು. ಪ್ರೇಕ್ಷಕರು ಕೀಚಕನಲ್ಲಿ ವೈಸ್‌ರಾಯ್ ಕರ್ಜನ್‌ನನ್ನೂ ಸೈರಂಧ್ರಿಯಲ್ಲಿ ಭಾರತವನ್ನೂ ಕಂಕಭಟ್ಟನಾದ ಯುಧಿಷ್ಠಿರನಲ್ಲಿ ಮಿತವಾದಿಗಳನ್ನೂ ಬಲ್ಲವನಾದ ಭೀಮನಲ್ಲಿ ತೀವ್ರವಾದಿಗಳನ್ನೂ ಕಂಡರು. ಬ್ರಿಟಿಷ್ ಅಧಿಕಾರಿಗಳೂ ಹಾಗೆಯೇ ಓದಿದರು. 1910ರಲ್ಲಿ ನಾಟಕವು ನಿಷೇಧಕ್ಕೊಳಗಾಯಿತು. ಈ ರೂಪಕದ ಕೀಲಿ ಸಿಕ್ಕಿದೊಡನೆ ವಿಮರ್ಶೆಯು ಸಾಮಾನ್ಯವಾಗಿ ಅಲ್ಲಿಗೆ ನಿಂತುಬಿಡುತ್ತದೆ. ನಾಟಕದ ನಿಜವಾದ ಭಾರವಿರುವುದು ಕೀಚಕನ ಮೇಲಲ್ಲ, ಅವನ ಸುತ್ತಲಿನ ಆಸ್ಥಾನದ ಮೇಲೆ. ವಿರಾಟನಿಗೆ ಮೈದುನನ ದೌರ್ಜನ್ಯ ಗೊತ್ತು. ಆದರೆ ರಾಜ್ಯವು ನಿಂತಿರುವುದು ಅವನ ಬಾಹುಬಲದ ಮೇಲೆ. ರಾಣಿ ಸುದೇಷ್ಣೆಗೆ ಸೈರಂಧ್ರಿಯ ಸಂಕಟ ಗೊತ್ತು. ಆದರೆ ಕೀಚಕ ಅವಳ ಒಡಹುಟ್ಟಿದವನು. ಕಂಕಭಟ್ಟನಿಗೆ ಎಲ್ಲವೂ ಗೊತ್ತು; ಆದರೆ ಅಜ್ಞಾತವಾಸದ ಕರಾರು ಮುಗಿಯಲು ದಿನಗಳಿವೆ. ಪ್ರತಿಯೊಬ್ಬರ ಮೌನಕ್ಕೂ ಕಾರಣವಿದೆ, ಮತ್ತು ಆ ಕಾರಣಗಳು ನೀಚವಾದವುಗಳಲ್ಲ. ಋಣ, ರಕ್ತಸಂಬಂಧ, ಕೊಟ್ಟ ಮಾತು ಎಂಬ ಮೂರು ಮೌಲ್ಯಗಳು ಒಟ್ಟಾಗಿ ಅಧಿಕಾರದ ಬೇಲಿಯಾಗುತ್ತವೆ.

ಇದೇ ಪ್ರಸಂಗವನ್ನು ಕುಮಾರವ್ಯಾಸನಲ್ಲಿ ಓದಿದ ಕನ್ನಡಿಗನಿಗೆ ಈ ಬೇಲಿ ಹೊಸದಲ್ಲ. ತುಂಬಿದ ಸಭೆಯಲ್ಲಿ ದ್ರೌಪದಿಯು ಒದೆ ತಿಂದಾಗ ಭೀಮನನ್ನು ತಡೆಯುವುದು ಅಣ್ಣನ ಸನ್ನೆಯೇ. ಗದುಗಿನ ಕವಿಯ ದ್ರೌಪದಿಗೆ ಗಂಡಂದಿರ ವಿಧೇಯತೆಯ ಲೆಕ್ಕ ಸ್ಪಷ್ಟವಾಗಿದೆ: ಧರ್ಮರಾಯನು ಸೈರಣೆಯನ್ನು ಬೋಧಿಸುವನು, ಉಳಿದವರು ಅವನ ಮಾತನ್ನು ಮೀರರು. ಆದ್ದರಿಂದಲೇ ಅವಳು ನಡುರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುತ್ತಾಳೆ. ಅಣ್ಣನ ಆಜ್ಞೆಗೆ ಕಟ್ಟುಬಿದ್ದು ಹಿಂದೆ ಅನುಭವಿಸಿದ ಅವಮಾನದ ಕಹಿ ಭೀಮನ ಮನಸ್ಸಿನಲ್ಲಿ ಮಡುಗಟ್ಟಿದೆ. ಕುಮಾರವ್ಯಾಸನಲ್ಲಿ ಇದು ಮನೆಯೊಳಗಿನ ಬಿಕ್ಕಟ್ಟು. ಖಾಡಿಲಕರನಲ್ಲಿ ಅದೇ ಬಿಕ್ಕಟ್ಟು ರಾಷ್ಟ್ರದ್ದಾಗುತ್ತದೆ. ಎರಡರಲ್ಲಿಯೂ ವಿಧೇಯತೆಯು ಅರಿವಿನ ಅಭಾವದಿಂದ ಬರುವುದಿಲ್ಲ, ಧರ್ಮದ ಹೆಸರಿನಲ್ಲಿ ಬರುತ್ತದೆ. ಆಜ್ಞೆಯನ್ನು ಮೀರುವುದೂ ಧರ್ಮವಾಗಬಲ್ಲದು ಎಂಬುದನ್ನು ಮೊದಲು ಗುರುತಿಸುವವಳು ಪೆಟ್ಟು ತಿಂದವಳೇ.

ಆರ್ವೆಲ್‌ನ ಅಧಿಕಾರಕ್ಕೆ ಇಷ್ಟು ಸಾಲದು. ವಿನ್ಸ್ಟನ್ ಸ್ಮಿತ್‌ನ ಮೌನದಿಂದ ಪಕ್ಷಕ್ಕೆ ತೃಪ್ತಿಯಿಲ್ಲ. ಕೊನೆಗೆ ಅವನು ‘ಬಿಗ್ ಬ್ರದರ್’ನನ್ನು ಪ್ರೀತಿಸಲೇಬೇಕು. ಕೀಚಕನಿಗೆ ಬೇಕಾದುದು ಸೈರಂಧ್ರಿಯ ದೇಹ ಮತ್ತು ಸಭೆಯ ಮೌನ. ಗಿರೀಶ ಕಾರ್ನಾಡರ ‘ತುಘಲಕ್’ (1964) ಈ ಎರಡರ ನಡುವೆ ನಿಲ್ಲುತ್ತದೆ. ಸುಲ್ತಾನನು ಪ್ರಜೆಗಳಿಂದ ವಿಧೇಯತೆಯನ್ನಷ್ಟೇ ಕೇಳುವುದಿಲ್ಲ, ತನ್ನನ್ನು ಅರ್ಥಮಾಡಿಕೊಳ್ಳಬೇಕೆಂದು ಕೇಳುತ್ತಾನೆ. ಶೇಖ್ ಇಮಾಮುದ್ದೀನನ ಭಾಷಣಕ್ಕೆ ಜನರನ್ನು ಸ್ವತಃ ಆಹ್ವಾನಿಸಿ, ಸೈನಿಕರ ಮೂಲಕ ಅವರನ್ನು ಮನೆಯಲ್ಲಿಯೇ ತಡೆದು, ಬರಿದಾದ ಅಂಗಳವನ್ನು ಶೇಖನಿಗೆ ತೋರಿಸುವ ದೃಶ್ಯವು ವಿಧೇಯತೆಯನ್ನು ಕೃತಕವಾಗಿ ತಯಾರಿಸುವ ಕೌಶಲ್ಯಕ್ಕೆ ನಿದರ್ಶನ. ಆದರೆ ಅಂಥ ಕೌಶಲ್ಯವನ್ನು ಅಜೀಜನೂ ಕಲಿಯುತ್ತಾನೆ. ಅಗಸನಾದ ಅವನು ಬ್ರಾಹ್ಮಣನ ವೇಷದಲ್ಲಿ ಸುಲ್ತಾನನ ವಿರುದ್ಧವೇ ನ್ಯಾಯ ಗೆಲ್ಲುತ್ತಾನೆ. ತಾಮ್ರದ ನಾಣ್ಯದ ಆಜ್ಞೆಯಿಂದಲೂ ರಾಜಧಾನಿಯ ಸ್ಥಳಾಂತರದ ಆಜ್ಞೆಯಿಂದಲೂ ಲಾಭ ತೆಗೆಯುತ್ತಾನೆ. ಪ್ರತಿ ಆಜ್ಞೆಯನ್ನೂ ಅಕ್ಷರಶಃ ಪಾಲಿಸುತ್ತಲೇ ಅದನ್ನು ಪೊಳ್ಳಾಗಿಸುವ ಇಂಥ ಪ್ರಜೆಗೆ ಆರ್ವೆಲ್‌ನ ಓಷಿಯಾನಿಯಾದಲ್ಲಿ ಎಡೆಯಿಲ್ಲ. ಇಲ್ಲಿ ಅಧಿಕಾರವು ಕುಸಿಯುವುದು ದಂಗೆಯಿಂದಲ್ಲ, ಅತಿವಿಧೇಯತೆಯ ವಂಚನೆಯಿಂದ.

ವಿಜಯ ತೆಂಡೂಲ್ಕರರ ‘ಘಾಶೀರಾಮ ಕೋತವಾಲ’ (1972) ಈ ವಿಚಾರವನ್ನು ಪುಣೆಯ ಬೀದಿಗೆ ತರುತ್ತದೆ. ಪಟವರ್ಧನರು ಸರದಾರರಾಗಿದ್ದ ಪೇಶವೆ ಆಳ್ವಿಕೆಯದೇ ಕಾಲವದು. ಹೊರಗಿನಿಂದ ಬಂದು ಅವಮಾನಿತನಾದ ಘಾಶೀರಾಮನು ಮಗಳನ್ನು ನಾನಾ ಫಡನವೀಸನಿಗೆ ಒಪ್ಪಿಸಿ ಕೋತವಾಲಿಕೆಯನ್ನು ಪಡೆಯುತ್ತಾನೆ. ರಾತ್ರಿಯ ಓಡಾಟಕ್ಕೂ ಪರವಾನಗಿ ಬೇಕೆಂಬ ಆಡಳಿತವನ್ನು ಹೇರುತ್ತಾನೆ. ನಾಟಕದ ತಿರುಳು ರಂಗದ ಮೇಲೆ ಸಾಲಾಗಿ ನಿಲ್ಲುವ ಬ್ರಾಹ್ಮಣರ ಮಾನವಗೋಡೆಯಲ್ಲಿದೆ. ಗಣಪತಿಯನ್ನು ಸ್ತುತಿಸುವುದು ಅದೇ ಸಾಲು, ನಾನಾನ ವಿಲಾಸಕ್ಕೆ ಮರೆಯಾಗುವುದು ಅದೇ ಸಾಲು, ಕೊನೆಗೆ ಘಾಶೀರಾಮನ ತಲೆಯನ್ನು ಬೇಡುವುದೂ ಅದೇ ಸಾಲು. ನಾನಾ ಬೆರಳಚ್ಚು ಉಳಿಸದೆ ಮರಣಾಜ್ಞೆಗೆ ರುಜು ಹಾಕಿ ಉತ್ಸವವನ್ನು ಸಾರುತ್ತಾನೆ. ಆರ್ವೆಲ್‌ನಲ್ಲಿ ಕಾವಲುಗಣ್ಣು ಗೋಡೆಯ ಮೇಲಿನ ಪರದೆಯಲ್ಲಿದ್ದರೆ, ತೆಂಡೂಲ್ಕರರಲ್ಲಿ ಗೋಡೆಯೇ ಮನುಷ್ಯರಿಂದ ಆದದ್ದು. ಅದಕ್ಕೆ ಎಲ್ಲವೂ ಕಾಣುತ್ತದೆ, ಆದರೂ ಅದು ಬೆನ್ನು ತಿರುಗಿಸಿ ನಿಲ್ಲುತ್ತದೆ.

ಹೀಗೆಂದು ‘ಕೀಚಕವಧ’ದ ಪರಿಹಾರವನ್ನು ಪ್ರಶ್ನಿಸದೆ ಒಪ್ಪಲಾಗದು. ಕೀಚಕನು ಸತ್ತರೂ ವಿರಾಟನ ಆಸ್ಥಾನ ಹಾಗೆಯೇ ಉಳಿಯುತ್ತದೆ. ಭೀಮನಿಗೆ ಚಪ್ಪಾಳೆ ತಟ್ಟುವ ಪ್ರೇಕ್ಷಕನು ಕಂಕಭಟ್ಟನ ಮಾತಿನಿಂದ ಬಿಡಿಸಿಕೊಂಡು ಭೀಮನ ತೋಳಿಗೆ ಶರಣಾಗುವ ಅಪಾಯವೂ ಇದೆ. 1909ರ ಡಿಸೆಂಬರಿನಲ್ಲಿ ನಾಸಿಕದ ಕಲೆಕ್ಟರ್ ಜಾಕ್ಸನ್ ಹತನಾದದ್ದು ರಂಗಮಂದಿರದಲ್ಲಿ. ಅಂದು ಅಲ್ಲಿದ್ದುದು ಸಾಂಗ್ಲಿಯ ಪಕ್ಕದ ಹರಿಪುರದವನಾದ ಗೋವಿಂದ ಬಲ್ಲಾಳ ದೇವಲನ ‘ಶಾರದಾ’ ಎಂಬ ಸಮಾಜಸುಧಾರಣೆಯ ನಾಟಕ. ರಂಗದ ಮೇಲಿನ ವಧೆಗೂ ಪ್ರೇಕ್ಷಾಗೃಹದ ವಧೆಗೂ ನಡುವಿನ ಅಂತರವನ್ನು ಆ ವರ್ಷಗಳ ವಿಮರ್ಶೆ ಕಾಯ್ದುಕೊಳ್ಳಲು ಸಾಧ್ಯವಿರಲಿಲ್ಲ. ಇಂದಿನ ವಿಮರ್ಶೆ ಕಾಯ್ದುಕೊಳ್ಳಬೇಕು. ಕಾರ್ನಾಡ, ತೆಂಡೂಲ್ಕರರು ವೀರನನ್ನೇ ರಂಗದಿಂದ ಕೆಳಗಿಳಿಸಿದ್ದು ಈ ದೃಷ್ಟಿಯಿಂದ ಮುಖ್ಯವಾದ ಹೆಜ್ಜೆ.

ಉಳಿದಿರುವುದು ಭಾಷೆಯ ಪ್ರಶ್ನೆ. ‘1984’ರ ನ್ಯೂಸ್ಪೀಕ್ ಶಬ್ದಗಳನ್ನು ಕಡಿಮೆ ಮಾಡುತ್ತ ಹೋಗುತ್ತದೆ, ಭಿನ್ನಮತಕ್ಕೆ ಪದವೇ ಇರದಂತೆ ಮಾಡುತ್ತದೆ. ‘ಕೀಚಕವಧ’ದ ಅನುಭವ ಇದಕ್ಕೆ ವಿರುದ್ಧವಾದುದು. ಅಲ್ಲಿ ಯಾವ ಹೊಸ ಪದವೂ ಬೇಕಾಗಲಿಲ್ಲ. ಎಲ್ಲರಿಗೂ ಗೊತ್ತಿದ್ದ ಪುರಾಣವೇ ಎರಡನೆಯ ಅರ್ಥವನ್ನು ಹೊತ್ತಿತು. 1876ರ ನಾಟಕ ಪ್ರದರ್ಶನ ಕಾಯಿದೆಯು ಪ್ರಯೋಗವನ್ನು ನಿಲ್ಲಿಸಬಲ್ಲದಾಗಿತ್ತೇ ಹೊರತು ಆ ಅರ್ಥವನ್ನಲ್ಲ. ಎರಡು ನುಡಿಗಳಲ್ಲಿ ಬದುಕುವವರಿಗೆ, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಆಡುವ ಜತ್ತ ತಾಲೂಕಿನವರಿಗೆ, ಒಂದು ಮಾತನ್ನು ಇನ್ನೊಂದು ಮಾತಿನಿಂದ ಪರೀಕ್ಷಿಸುವ ಅಭ್ಯಾಸ ಸಹಜವಾಗಿ ಬಂದಿರುತ್ತದೆ. ಒಂದೇ ನುಡಿಯನ್ನು ಕಿರಿದಾಗಿಸಿ ಮನಸ್ಸನ್ನು ಆಳಬಲ್ಲೆನೆಂಬ ಪ್ರಭುತ್ವಕ್ಕೆ ಇಂಥ ಓದುಗ ತೊಡಕಾಗುತ್ತಾನೆ.

ಆದರೆ ತೊಡಕಾಗಬಲ್ಲವನು ತೊಡಕಾಗಿಯೇ ತೀರುತ್ತಾನೆಂಬ ಭರವಸೆಯನ್ನು ಈ ನಾಟಕಗಳು ಕೊಡುವುದಿಲ್ಲ. ಕಂಕಭಟ್ಟನಿಗೂ ಮಾನವಗೋಡೆಗೂ ಎರಡನೆಯ ಅರ್ಥ ತಿಳಿದೇ ಇತ್ತು. ‘ಕುರುಡು ವಿಧೇಯತೆ’ ಎಂಬ ಪದಪುಂಜವನ್ನು ಯೋಚಿಸದೆ ಬಳಸುವ ವಿಮರ್ಶೆಯು ತಲೆಬಾಗಿದವರಿಗೆ ಸುಲಭವಾದ ಕ್ಷಮೆಯನ್ನು ನೀಡುತ್ತದೆ: ಕಾಣದವನನ್ನು ದೂರುವವರಾರು? ಸಾಂಗ್ಲಿಯಿಂದ ಪುಣೆಯವರೆಗೆ, ಗದುಗಿನಿಂದ ದೌಲತಾಬಾದಿನವರೆಗೆ ಹರಡಿದ ಈ ಕೃತಿಗಳು ಆ ಕ್ಷಮೆಯನ್ನು ನಿರಾಕರಿಸುತ್ತವೆ. ಕಂಡೂ ಸುಮ್ಮನಿದ್ದವನು ಉತ್ತರ ಹೇಳಬೇಕು ಎಂಬುದು ಅವುಗಳ ನಿಲುವು. ಡಿಸ್ಟೋಪಿಯಾದ ತೌಲನಿಕ ಅಧ್ಯಯನಕ್ಕೆ ಕನ್ನಡ–ಮರಾಠಿ ರಂಗಭೂಮಿ ಕೊಡಬಲ್ಲ ಮಾನದಂಡವೂ ಇದೇ.