ಕೈಚೀಲದ ರಿಪೇರಿ ಕಿಟ್: ಯಾವುದು ಬೇಕು, ಯಾವುದು ಭಾರ

ಎಲೆಕ್ಟ್ರಾನಿಕ್ಸ್ ರಿಪೇರಿಗೆಂದು ಸಿದ್ಧವಾಗಿ ಸಿಗುವ ಕಿಟ್‌ಗಳು ಹೆಚ್ಚಾಗಿ ಮಾರಾಟವಾಗುವುದು ಬಿಟ್‌ಗಳ ಲೆಕ್ಕದ ಮೇಲೆ. ನೂರಕ್ಕೂ ಹೆಚ್ಚು ಬಿಟ್‌ಗಳು ಸಾಲಾಗಿ ಕುಳಿತ ಡಬ್ಬಿ ನೋಡಲು ಚೆನ್ನ. ಫೋನು, ಲ್ಯಾಪ್‌ಟಾಪುಗಳ ಕೆಲಸಕ್ಕೆ ಮತ್ತೆ ಮತ್ತೆ ಕೈಗೆ ಬರುವುದು ಮಾತ್ರ ಪಿಎಚ್‌0, ಪಿಎಚ್‌00, ಪಿಎಚ್‌000, ಟಿ5, ಐಫೋನಿನ ತಳದ ಸ್ಕ್ರೂಗೆ ಬೇಕಾದ ಪೆಂಟಲೋಬ್, ಹೀಗೆ ಹತ್ತು ಹನ್ನೆರಡು. ಮೆದು ಉಕ್ಕಿನ ಪಿಎಚ್‌00 ಒಂದೆರಡು ಬಿಗಿ ಸ್ಕ್ರೂಗಳಿಗೇ ಸವೆದುಹೋದರೆ, ಉಳಿದ ಬಿಟ್‌ಗಳೆಲ್ಲ ಬರೀ ಹೊರೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಬಿಡಿಬಿಡಿಯಾಗಿ ಆರಿಸಿ ಜೋಡಿಸಿದ ಚೀಲವೇ ಮೇಲು.

ಮಲ್ಟಿಮೀಟರ್ ವಿಷಯದಲ್ಲಿ ಅಗ್ಗಕ್ಕೆ ಬೇರೆಯದೇ ಬೆಲೆ ತೆರಬೇಕಾಗುತ್ತದೆ. ಎಲ್ಲೆಡೆ ಸಿಗುವ ಹಳದಿ ಡಿಟಿ830 ಮಾದರಿ 5 ವೋಲ್ಟಿನ ಆರ್ಡುಯಿನೊ ಬೋರ್ಡು ಪರೀಕ್ಷಿಸಲು ಧಾರಾಳ ಸಾಕು. ಆದರೆ ಅದರ 10 ಆಂಪ್ ತೂತಿನ ಪಕ್ಕದಲ್ಲೇ ಫ್ಯೂಸ್ ಇಲ್ಲವೆಂದು ಅಚ್ಚಾಗಿರುತ್ತದೆ. ಕರೆಂಟ್ ಅಳೆದ ಮೇಲೆ ವೈರನ್ನು ಅಲ್ಲೇ ಮರೆತು 230 ವೋಲ್ಟಿನ ಪ್ಲಗ್ಗಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ಮೇನ್ಸ್ ಮುಟ್ಟುವವರ ಚೀಲದಲ್ಲಿ ಈ ಮೀಟರಿಗೆ ಜಾಗವಿರಬಾರದು.

ಚೀಲದ ಯೋಗ್ಯತೆ ತಿಳಿಯುವುದು ಸೋಲ್ಡರಿಂಗ್ ಐರನ್ನಿನಿಂದ. 25 ವ್ಯಾಟಿನ ಹಳೆಯ ಐರನ್ ಗಟ್ಟಿಮುಟ್ಟು, ವರ್ಷಗಟ್ಟಲೆ ಬಾಳುತ್ತದೆ. ಬಿಸಿಯಾಗಲು ಕೆಲವು ನಿಮಿಷ, ತಣ್ಣಗಾಗಿ ಚೀಲ ಸೇರಲು ಇನ್ನಷ್ಟು ಹೊತ್ತು. ಅಗಲವಾದ ತಾಮ್ರದ ಪದರಕ್ಕೆ ಸೇರಿದ ಕಾಲಿಗೆ ಮುಟ್ಟಿಸಿದೊಡನೆ ಶಾಖವೆಲ್ಲ ಬೋರ್ಡಿಗೆ ಹೋಗಿ ಸೋಲ್ಡರ್ ಅರ್ಧ ಕರಗಿ ಮಂಕಾಗಿ ನಿಲ್ಲುತ್ತದೆ. ಟಿಎಸ್100, ಪೈನ್‌ಸಿಲ್ ಮಾದರಿಯ ಹೊಸ ಐರನ್ನುಗಳಲ್ಲಿ ಹೀಟರೂ ತಾಪ ಅಳೆಯುವ ಸೆನ್ಸರೂ ತುದಿಯೊಳಗೇ ಇರುವುದರಿಂದ, ತುದಿ ತಣಿದದ್ದು ತಕ್ಷಣ ತಿಳಿದು ಹೆಚ್ಚು ವಿದ್ಯುತ್ ಹರಿಯುತ್ತದೆ. ಜಾಹೀರಾತು ಒತ್ತಿ ಹೇಳದ ಮಾತೊಂದಿದೆ: ಈ ಶಕ್ತಿಯೆಲ್ಲ ಅಡಾಪ್ಟರಿನ ವೋಲ್ಟೇಜಿಗೆ ಬಿಟ್ಟದ್ದು. ಟಿಎಸ್100 24 ವೋಲ್ಟಿನಲ್ಲಿ 65 ವ್ಯಾಟ್, ಹಳೆಯ ಲ್ಯಾಪ್‌ಟಾಪ್ ಚಾರ್ಜರಿನ 19 ವೋಲ್ಟಿನಲ್ಲಿ 40, 12 ವೋಲ್ಟಿನಲ್ಲಿ ಬರೀ 17. ಅಂದರೆ 12 ವೋಲ್ಟಿನ ಅಡಾಪ್ಟರಿಗೆ ಸಿಕ್ಕಿಸಿದ ದುಬಾರಿ ಐರನ್ನಿಗಿಂತ ಆ ಹಳೆಯ 25 ವ್ಯಾಟಿನದಕ್ಕೇ ಶಕ್ತಿ ಹೆಚ್ಚು.

ಸಿದ್ಧ ಕಿಟ್‌ಗಳು ಜಿಪುಣತನ ತೋರುವುದು ಖರ್ಚಾಗುವ ಸಾಮಾನುಗಳಲ್ಲಿ. ಜತೆಗೆ ಕೊಡುವ ಸೋಲ್ಡರ್ ತಂತಿ ಸಾಮಾನ್ಯವಾಗಿ ದಪ್ಪ, ಫ್ಲಕ್ಸ್ ಹೆಸರಿಗಷ್ಟೆ. 0.5ರಿಂದ 0.8 ಮಿ.ಮೀ. ದಪ್ಪದ 60/40 ತವರ-ಸೀಸದ ತಂತಿ, ಒಂದು ಸಿರಿಂಜ್ ಫ್ಲಕ್ಸ್, ತಾಮ್ರದ ವಿಕ್ ಇವಿಷ್ಟನ್ನು ಬೇರೆಯಾಗಿಯೇ ಕೊಳ್ಳಬೇಕು. ಹೊಸ ಬೋರ್ಡುಗಳ ಸೀಸರಹಿತ ಸೋಲ್ಡರ್ 217 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿದರೆ, 60/40 ಸುಮಾರು 190ರೊಳಗೇ ಕರಗುತ್ತದೆ. ಹಟ ಹಿಡಿದ ಜೋಡಣೆಗೆ 60/40 ಸ್ವಲ್ಪ ಬೆರೆಸಿದರೆ ಬಿಡಿಸುವುದು ಸುಲಭ.

ಪ್ರಯಾಣಕ್ಕೆ ಗ್ಯಾಸ್ ಐರನ್ ಅನುಕೂಲವೆನಿಸಿದರೂ ಅದು ಹೊರಬಿಡುವ ಬಿಸಿಗಾಳಿ ಪಕ್ಕದ ಪ್ಲಾಸ್ಟಿಕ್ ಕರಗಿಸುತ್ತದೆ. ಬ್ಯುಟೇನ್ ಕ್ಯಾನಿಗೆ ವಿಮಾನದಲ್ಲಿ ಅವಕಾಶವಿಲ್ಲ. ಯುಎಸ್‌ಬಿ-ಸಿ ಐರನ್ನಿಗೆ 20 ವೋಲ್ಟ್ ಕೊಡಬಲ್ಲ ಪವರ್ ಬ್ಯಾಂಕ್ ವಾಸಿ. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, ವಿಮಾನದ 100ರ ಮಿತಿಯೊಳಗೆ. ಅದು ಕೈಚೀಲದಲ್ಲೇ ಇರಬೇಕು; ಸ್ಕ್ರೂಡ್ರೈವರು, ಕಟರು, ಐರನ್ನುಗಳು ಚೆಕ್-ಇನ್ ಸಾಮಾನಿಗೆ. ಹಾಗಾಗಿ ಎಲ್ಲವನ್ನೂ ಅಚ್ಚುಕಟ್ಟಾಗಿ ಹಿಡಿಸುವ ಒಂದೇ ಪೆಟ್ಟಿಗೆಗಿಂತ ಎರಡು ಸಣ್ಣ ಜಿಪ್ ಚೀಲಗಳೇ ಅನುಕೂಲ.