‘ಹೋರಾಟದ ಹಾದಿ’ಯಲ್ಲಿ ಸೇವಾಧರ್ಮ

ಪರಸೇವೆಯಿಂದ ಸೇವೆಗೊಂಡವನಿಗೆ ಪ್ರಯೋಜನವುಂಟೆಂಬುದು ಸರ್ವವಿದಿತವು. ಸೇವೆಗೈದವನ ಹೃದಯಕ್ಕೆ ಅದರಿಂದ ಆಗತಕ್ಕ ಸಂಸ್ಕಾರವೇನೆಂಬುದೇ ವಿಚಾರಾರ್ಹವಾದ ವಿಷಯ. ಫಲಾಪೇಕ್ಷೆಯಿಲ್ಲದ ಕರ್ಮವು ಚಿತ್ತಶುದ್ಧಿಗೆ ಸಾಧನವೆಂದು ವೇದಾಂತಿಗಳು ಹೇಳುವರು. ಈಶ್ವರಾರ್ಪಣಬುದ್ಧಿಯಿಲ್ಲದೆ ಮಾಡಿದ ಸೇವೆಯಿಂದಲೂ ಆ ಶುದ್ಧಿಯು ದೊರೆಯಬಲ್ಲುದೇ? ಡಾ|| ಎಚ್. ನರಸಿಂಹಯ್ಯನವರ ಆತ್ಮಕಥೆಯಾದ ‘ಹೋರಾಟದ ಹಾದಿ’ಯು ಈ ಪ್ರಶ್ನೆಯನ್ನು ಓದುಗರ ಮುಂದೆ ನಿಲ್ಲಿಸುತ್ತದೆ.

ಗ್ರಂಥಕರ್ತರು 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬವೊಂದರಲ್ಲಿ ಜನಿಸಿದರು. 1935ರಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಲು ಬೆಂಗಳೂರಿಗೆ ಸುಮಾರು 50 ಮೈಲಿಗಳ ದಾರಿಯನ್ನು ಕಾಲ್ನಡೆಯಿಂದಲೇ ಸವೆಸಿದರು. ಬಡ ಹುಡುಗರ ನಿಲಯವೊಂದು ಆ ಬಾಲಕನಿಗೆ ಆಶ್ರಯವಿತ್ತಿತು. 1942ರ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆಯನ್ನು ಸೇರಿದರು. ಮರಳಿ ಬಂದು ಓದನ್ನು ಪೂರೈಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು. ಅಮೆರಿಕಾದಲ್ಲಿ ಡಾಕ್ಟರೇಟ್ ಪದವಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಸ್ಥಾನ, 1984ರಲ್ಲಿ ಪದ್ಮಭೂಷಣ, ಇವೆಲ್ಲವೂ ಬಂದುವು. ಆದರೂ ಅವಿವಾಹಿತರಾಗಿ, ಖಾದಿಯನ್ನುಟ್ಟು, ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲಿಯೇ ಬಾಳಿ, 2005ರಲ್ಲಿ ಕಾಲಾಧೀನರಾದರು.

ಗ್ರಂಥದ ಹೆಸರು ಅರ್ಧಸತ್ಯವೆಂದೇ ಹೇಳಬೇಕು. ಹೋರಾಟವೆಂಬ ಶಬ್ದವು ಬಡತನ, ಸೆರೆಮನೆ, ಮೂಢನಂಬಿಕೆಗಳ ಖಂಡನೆ ಇವುಗಳನ್ನು ಸೂಚಿಸುವುದೇ ಹೊರತು, ಆ ಕೊಠಡಿಯ ಪಕ್ಕದಲ್ಲಿ ವರ್ಷವರ್ಷವೂ ಬಂದುಹೋದ ಹುಡುಗರನ್ನು ಸೂಚಿಸುವುದಿಲ್ಲ. ಹೋರಾಟವು ಮನುಷ್ಯನನ್ನು ಗಟ್ಟಿಮಾಡುತ್ತದೆ, ಮೃದುಮಾಡತಕ್ಕದ್ದು ಸೇವೆ. ಹೋರಾಟವೊಂದೇ ಆಗಿದ್ದ ಪಕ್ಷದಲ್ಲಿ ಈ ಬಾಳು ಕಹಿಯಲ್ಲಿ ಮುಗಿಯುತ್ತಿದ್ದಿತು.

ಆಸ್ತಿಕರ ಆಕ್ಷೇಪವೊಂದುಂಟು. 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿಯನ್ನು ರಚಿಸಿದ ವಿಚಾರವಾದಿಯ ಸೇವೆಗೆ ಆಧ್ಯಾತ್ಮಿಕ ಮೌಲ್ಯವೆಲ್ಲಿಯದು ಎಂಬುದು ಅದರ ಸ್ವರೂಪ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ತತ್ತ್ವಪದಗಳನ್ನು ಕೇಳಿ ಬೆಳೆದ ಸೀಮೆಯಲ್ಲಿ ಈ ಆಕ್ಷೇಪವು ಸಹಜವೇ ಸರಿ. ಆದರೆ ಶಾಸ್ತ್ರವೇ ಇದಕ್ಕೆ ಸಮಾಧಾನವನ್ನು ಕೊಡುತ್ತದೆ. ದೇವಋಣ, ಋಷಿಋಣ, ಪಿತೃಋಣವೆಂಬ ಮೂರರಲ್ಲಿ ಋಷಿಋಣವು ವಿದ್ಯೆಯಿಂದಲೇ ತೀರತಕ್ಕದ್ದು. ಹೋಮಧೂಮವು ಆ ಸಾಲವನ್ನು ತೀರಿಸಲಾರದು. ಪಡೆದುದನ್ನು ಮತ್ತೊಬ್ಬನಿಗೆ ದಾಟಿಸಿದರೇನೇ ಅದು ತೀರುವುದು.

ನರಸಿಂಹಯ್ಯನವರು ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ಕಾಲೇಜುಗಳನ್ನು ನೆಲೆಗೊಳಿಸಿದುದರ ಮರ್ಮವು ಇಲ್ಲಿದೆ. ಬಾಲ್ಯದಲ್ಲಿ ತಮ್ಮ ಕಾಲುಗಳು ಸವೆಸಿದ ದಾರಿಯನ್ನು ಇತರರ ಮಕ್ಕಳು ಸವೆಸದಿರಲೆಂದು ವಿದ್ಯೆಯನ್ನೇ ಊರ ಹತ್ತಿರಕ್ಕೆ ತಂದರು. ತನ್ನ ನೋವಿನ ನೆನಪು ಪರರ ಅನುಕೂಲವಾಗಿ ಪರಿಣಮಿಸುವುದೇ ಹೃದಯದ ಸಂಸ್ಕಾರ. ನೋವನ್ನುಂಡವರೆಲ್ಲರಿಗೂ ಇದು ಲಭಿಸದು. ಬಡತನದಿಂದ ಮೇಲೆದ್ದು ಬಡವರನ್ನು ಮರೆತವರೇ ಲೋಕದಲ್ಲಿ ಹೆಚ್ಚು.

ಚಿತ್ತಶುದ್ಧಿಯೆಂಬ ಮಾತನ್ನು ಇಂತಹ ಬಾಳಿಗೆ ಹೊಂದಿಸುವುದನ್ನು ಗ್ರಂಥಕರ್ತರು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆಯ ಮಾತು. ಔಷಧದ ಹೆಸರನ್ನು ಅರಿಯದವನಿಗೂ ಅದನ್ನು ಸೇವಿಸಿದರೆ ಗುಣವಾಗುವುದಷ್ಟೆ. ಶ್ರದ್ಧಾವಂತರಾದವರು ಈ ಗ್ರಂಥವನ್ನು ಓದಿ ಮುಚ್ಚಿದ ಬಳಿಕ, ಅದರ ಕರ್ತರ ನಂಬಿಕೆಯನ್ನು ಅಳೆಯುವುದಕ್ಕೆ ಮೊದಲು ತಮ್ಮ ಋಣವೆಷ್ಟು ಉಳಿದಿದೆಯೆಂದು ಎಣಿಸಿಕೊಳ್ಳುವುದು ಉಚಿತ.