ಸ್ಲೈಡ್‌ಔಟ್ ಪಕ್ಷದವರಿಗೆ ಒಂದು ಉತ್ತರ

ಮೋಟಾರ್‌ಹೋಮಿನ ಫ್ರಿಜ್ಜನ್ನು ಕುರಿತು ಈ ವಾರ ಬರೆಯುವೆನೆಂದು ವಾಗ್ದಾನ ಮಾಡಿದ್ದೆನು. ಗ್ಯಾಸಿನ ಜ್ವಾಲೆಯಿಂದ ಅಮೋನಿಯಾ ದ್ರಾವಣವನ್ನು ಕಾಯಿಸಿ ತಂಪನ್ನು ಹುಟ್ಟಿಸುವ ಆ ವಿಚಿತ್ರ ಯಂತ್ರವು, ಗಾಡಿಯು ಇಳಿಜಾರಿನಲ್ಲಿ ಓರೆಯಾಗಿ ನಿಂತಿತೆಂದರೆ ಮುನಿಸಿಕೊಳ್ಳುವ ಪರಿಯನ್ನು ವಿವರಿಸಬೇಕೆಂದಿದ್ದೆ. ಅಷ್ಟರಲ್ಲಿ ಸ್ಲೈಡ್‌ಔಟ್ ಪಕ್ಷದ, ಅಂದರೆ ನಿಂತ ಗಾಡಿಯ ಗೋಡೆಯನ್ನು ಹೊರಕ್ಕೆ ಜಾರಿಸಿ ಕೋಣೆಯನ್ನು ಹಿಗ್ಗಿಸುವವರ ಪಕ್ಷದ, ಹಳೆಯ ಪ್ರತಿವಾದಿಯೊಬ್ಬರ ಕಾಗದವು ಕೈಸೇರಿ, ಫ್ರಿಜ್ಜು ಮುಂದಿನ ವಾರಕ್ಕೆ ಸರಿಯಿತು.

ಆ ಮಹನೀಯರ ವಾದವಿಷ್ಟು: ಮಾಲೀಕರು ಬಯಸುವ ಸುಧಾರಣೆಗಳಲ್ಲಿ ಅಗ್ರಸ್ಥಾನವು ವೈಶಾಲ್ಯಕ್ಕೆ ಸಲ್ಲತಕ್ಕದ್ದು, ಎರಡು ಗೋಡೆಗಳು ಹೊರಕ್ಕೆ ಜಾರುವೆಡೆ ನಾಲ್ಕು ಜಾರಬೇಕು, ಇದನ್ನೊಪ್ಪದ ನಾನು ಪುರಾತನ. 1990ರ ಸುಮಾರಿನಲ್ಲಿ ಅಮೆರಿಕದ ಇಂಡಿಯಾನಾದ ನ್ಯೂಮಾರ್ ಕಾರ್ಖಾನೆಯವರು ಈ ಜಾರುಗೋಡೆಗೆ ನಾಂದಿ ಹಾಡಿದಂದಿನಿಂದಲೂ ನಾನು ಪುರಾತನನೇ. ಹೆದ್ದಾರಿಯ ಬದಿಯಲ್ಲಿ ಮಧ್ಯಾಹ್ನದ ಮೊಸರನ್ನಕ್ಕೆಂದು ಗಾಡಿ ನಿಲ್ಲಿಸಿದಾಗ, ಒಳಸರಿದ ಗೋಡೆಯು ಎಷ್ಟೋ ಗಾಡಿಗಳಲ್ಲಿ ಫ್ರಿಜ್ಜಿನ ಬಾಗಿಲಿಗೂ ಬಚ್ಚಲಿನ ದಾರಿಗೂ ಅಡ್ಡವಾಗಿ, ಮೊಸರಿನ ಒಡೆಯನು ಮೊಸರನ್ನು ಕಾಣದೆ ಹಿಂದಿರುಗಬೇಕಾಗುವುದನ್ನೂ, ಹಳಿ ಮತ್ತು ಮೋಟಾರುಗಳ ಭಾರವೆಲ್ಲ ನಮ್ಮ ಸಾಮಾನು ಸರಂಜಾಮಿಗೆ ಮೀಸಲಾದ ತೂಕದಿಂದಲೇ ಕಳೆದುಹೋಗುವುದನ್ನೂ, ಅಂಚಿನ ರಬ್ಬರು ಬಿಸಿಲಿಗೆ ಬಿರಿದ ಮೇಲೆ ಮಳೆಯು ಕೇಳದೆಯೇ ಒಳಬರುವುದನ್ನೂ ಬಲ್ಲವನು ವೈಶಾಲ್ಯದ ಸ್ತೋತ್ರವನ್ನು ಹಾಡಲಾರನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ!

ಹಿಟ್ಟೆಂದರೇನೆಂದು ಕೇಳುವವರಿಗೆ ನನ್ನ ಶೌಚದ ತೊಟ್ಟಿಯ ಸೂಚಕವನ್ನು ತೋರಿಸುವೆನು. ತೊಟ್ಟಿಯ ಗೋಡೆಯೊಳಕ್ಕೆ ಚುಚ್ಚಿದ ಲೋಹದ ಮೊಳೆಗಳ ನಡುವೆ ವಿದ್ಯುತ್ತು ಹರಿದರೆ ಅಲ್ಲಿಯತನಕ ತುಂಬಿದೆಯೆಂದು ದೀಪವು ಹೊತ್ತಬೇಕು. ಆದರೆ ಕಾಗದವೂ ಕಶ್ಮಲವೂ ಮೊಳೆಗಳಿಗೆ ಅಂಟಿದೊಡನೆ ಆ ದೀಪವು ನಂದಾದೀಪವಾಗುತ್ತದೆ. ತೊಟ್ಟಿಯನ್ನು ಬರಿದುಮಾಡಿ, ಎರಡು ಸಲ ತೊಳೆದು, ಕೈಕಾಲು ತೊಳೆದುಕೊಂಡು ಬಂದು ಗುಂಡಿಯೊತ್ತಿದರೂ ನನ್ನ ಸೂಚಕವು ಮೂರರಲ್ಲಿ ಎರಡು ಪಾಲು ತುಂಬಿದೆಯೆಂದೇ ನುಡಿಯುವುದು. ಹರಿಶ್ಚಂದ್ರನು ಸತ್ಯಕ್ಕೆ ಅಂಟಿಕೊಂಡಷ್ಟೇ ದೃಢವಾಗಿ ಅದು ಸುಳ್ಳಿಗೆ ಅಂಟಿಕೊಂಡಿದೆ. ಹೊರಮೈಗೇ ಅಂಟಿಸಬಹುದಾದ, ಕೊಳೆ ಸೋಕದ ಸೂಚಕಗಳು ಅಂಗಡಿಗಳಲ್ಲಿ ದೊರೆಯುತ್ತಿದ್ದರೂ ಅವನ್ನು ಮಾಲೀಕನೇ ಕೊಂಡು, ಗಾಡಿಯಡಿ ಅಂಗಾತ ಮಲಗಿ ಜೋಡಿಸಿಕೊಳ್ಳಬೇಕು. ಚಾವಣಿಯ ತೂತುಗಳ ಪ್ರಸ್ತಾಪವನ್ನು ಇಂದು ಎತ್ತುವುದಿಲ್ಲ. ಎತ್ತಿದರೆ ಕೋಪ ಬರುತ್ತದೆ.

ಗಾಡಿಯಲ್ಲಿ ಬಾಳುವವನ ಬುದ್ಧಿಗೂ ಅದನ್ನು ನಕ್ಷೆಯ ಹಲಗೆಯ ಮೇಲೆ ಬರೆಯುವವನ ಬುದ್ಧಿಗೂ ಇರುವ ಅಂತರವನ್ನು ನನಗೆ ಮೊದಲು ತಿಳಿಸಿದ್ದು ಜಾನ್ ಸ್ಟೈನ್‌ಬೆಕ್ಕನ ‘ಟ್ರಾವೆಲ್ಸ್ ವಿತ್ ಚಾರ್ಲಿ’. 1960ರಲ್ಲಿ, ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ಟ್ರಕ್ಕಿನ ಬೆನ್ನಿಗೆ ಪುಟ್ಟ ಕೋಣೆಯೊಂದನ್ನು ಹೇರಿಸಿ, ಅದಕ್ಕೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನಿಟ್ಟು, ನಾಯಿಯೊಡನೆ ದೇಶಸಂಚಾರಕ್ಕೆ ಹೊರಟ ಆತನು ಬಟ್ಟೆ ಒಗೆಯುವ ಸಮಸ್ಯೆಗೆ ಯಾವ ಕಾರ್ಖಾನೆಯನ್ನೂ ಆಶ್ರಯಿಸಲಿಲ್ಲ. ಮುಚ್ಚಳವುಳ್ಳ ಪ್ಲಾಸ್ಟಿಕ್ಕಿನ ಕಸದ ಬಕೆಟ್ಟಿಗೆ ನೀರು, ಸಾಬೂನುಪುಡಿ, ಮಾಸಿದ ಅಂಗಿಗಳನ್ನು ತುಂಬಿ, ಬಟ್ಟೆಯ ಬೀರುವಿನೊಳಗೆ ಹಿಗ್ಗುವ ಹಗ್ಗದಿಂದ ತೂಗಹಾಕಿದನು. ದಾರಿಯ ಕುಲುಕಾಟವೇ ದಿನವಿಡೀ ಅಗಸನ ಕೆಲಸವನ್ನು ಮಾಡಿತು. ಸಂಜೆ ಹೊಳೆಯಲ್ಲಿ ಜಾಲಿಸಿದರೆ ಬಟ್ಟೆಗಳು ಶುಭ್ರ. ಆ ಗ್ರಂಥದಲ್ಲಿ ಕಲ್ಪನೆಯ ಪಾಲು ಬಹಳವೆಂದು ಆಕ್ಷೇಪಿಸಿದವರುಂಟು. ಬಕೆಟ್ಟಿನ ಮಟ್ಟಿಗೆ ನನಗೆ ಸಂಶಯವಿಲ್ಲ. ಸ್ವತಃ ಮಾಡಿ ನೋಡಿದ್ದೇನೆ. ನುಣುಪಾದ ಹೆದ್ದಾರಿಗಿಂತ ಗುಂಡಿಬಿದ್ದ ಹಳ್ಳಿಯ ದಾರಿಯಲ್ಲಿ ಪಂಚೆಗಳು ಹೆಚ್ಚು ಬಿಳುಪಾಗುವುವು.

ಆ ಗಾಡಿಯು ಈಗ ಕ್ಯಾಲಿಫೋರ್ನಿಯಾದ ಸಲೀನಾಸ್ ಪಟ್ಟಣದಲ್ಲಿ, ಸ್ಟೈನ್‌ಬೆಕ್ಕನ ಹೆಸರಿನ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಜಾರುಗೋಡೆಯಿಲ್ಲ.